ಮುರದದ್ದು ಸಿಕ್ತೇನ್ರಿ?

ನೆಲದಲ್ಲಿ ಒಂದು ತೆಗ್ಗು ತೋಡಿ ಅದರೊಳಗೆ ಇಳಿದು ನಿಂತವನಿಗೆ ಮಾತಾಡಿಸುವವರ ಕೊರತೆ ಯಾವ ಊರಿನಲ್ಲೂ ಆಗುವುದಿಲ್ಲ. ರಸ್ತೆಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡದಂಥ ಮುಖ ನನ್ನದು. ಅದೇ ಮುಖ ನೆಲಮಟ್ಟದಲ್ಲಿ ಕಾಣಿಸಿದರೆ ಬಸ್ಸು ನಿಲ್ಲಿಸಿ ಇಳಿದು ಬಂದವರಿದ್ದಾರೆ. ಹೀಗಾಗಿ ನನ್ನ ನೌಕರಿಯುದ್ದಕ್ಕೂ ಏನಾದರೊಂದು ನಡೆಯುತ್ತಲೇ ಬಂದಿದೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಭೂಮಿ ಜೋರಾಗಿ ನಡುಗಿದಾಗ ಕೆಲವು ಕಡೆ ನೆಲವೇ ಸೀಳಿ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಆಗುತ್ತದೆ. ಆಮೇಲೆ ಮಳೆ ಬಂದು, ಹಳ್ಳ ಹರಿದು, ಹೊಸ ಮಣ್ಣು ಅದರ ಮೇಲೆ ಕೂತು ಎಲ್ಲ ಮುಚ್ಚಿಹೋಗುತ್ತದೆ. ಅಂಥ ಜಾಗ ಇರಬಹುದೆಂದು ಅನುಮಾನ ಬಂದಲ್ಲಿ ನಾವು ಅಡ್ಡಲಾಗಿ ಉದ್ದನೆಯ ತೆಗ್ಗು ತೋಡಿ, ಅದರ ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದು, ಯಾವ ಪದರು ಮುರಿದಿದೆ, ಯಾವುದು ಇಡಿಯಾಗಿದೆ ಎಂದು ನೋಡುತ್ತೇವೆ. ಕೆಳಗಿನದು ಮುರಿದು ಮೇಲಿನದು ಇಡಿಯಾಗಿದ್ದರೆ, ನಡುಕ ಆದದ್ದು ಆ ಎರಡರ ನಡುವಿನ ಕಾಲದಲ್ಲಿ ಎಂದು ಲೆಕ್ಕ. ಪುಸ್ತಕದಲ್ಲಿ ಈ ಮುರಿತಕ್ಕೆ ಸ್ತರಭಂಗ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದರ ಹೆಸರು 'ಮುರದದ್ದು'.

ಹೆಸರಿಟ್ಟವಳು ನನ್ನ ಹೆಂಡತಿ. ನಾನು ಯಾವ ಊರಿನ ತೆಗ್ಗಿನಲ್ಲಿದ್ದರೂ, ಅವಳು ತವರಿನಲ್ಲಿ ತಾಯಿಯ ಪಕ್ಕ ಕೂತಿದ್ದರೂ, ಸಂಜೆ ಅವಳ ಫೋನು ಬರುತ್ತಿತ್ತು. ಚಹಾ ಕುಡಿದಿರೇನು ಎಂದು ಕೇಳುವ ಮೊದಲೇ ಒಂದು ಮಾತು, "ಮುರದದ್ದು ಸಿಕ್ತೇನ್ರಿ?"

"ಇಲ್ಲ."

"ಇರ್ಲಿ ಬಿಡ್ರಿ. ನಾಳಿ ಸಿಗ್ತದ."

ಯಾದಗಿರಿ ಸೀಮೆಯ ನೆಲ ಹೆಚ್ಚು ಕಡಿಮೆ ನಿದ್ದೆ ಹೊಡೆಯುವ ನೆಲ. ಇಲ್ಲಿ ಮುರಿದದ್ದು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕ ದಿನ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಅವಳು ತೀರಿಕೊಂಡು ಎರಡು ಬೇಸಿಗೆ ಕಳೆದವು. ಈಗಲೂ ಸಂಜೆಯಾದರೆ ನನ್ನ ಕೈ ಜೇಬಿನ ಕಡೆ ಹೋಗುತ್ತದೆ. ಈ ಪ್ರಸಂಗಗಳನ್ನೆಲ್ಲ ಮೊದಲು ಕೇಳಿ ನಗುತ್ತಿದ್ದವಳು ಅವಳು. ಈಗ ಹೇಳಲು ಯಾರೂ ಇಲ್ಲದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಖಾಯಂ ನೌಕರಿ

ಹೆಣ್ಣು ನೋಡಲು ರಂಗಂಪೇಟೆಗೆ ಹೋದಾಗಿನ ಮಾತು. ಮಾವನಾಗುವವರದು ಬಟ್ಟೆಯ ಅಂಗಡಿ. ಮಾತು ಅಳೆದು ಕತ್ತರಿಸಿ ಕೊಡುವ ಮನುಷ್ಯ. ಮಂಡಕ್ಕಿ ಒಗ್ಗರಣೆಯ ಸುಸಲಾ ತಟ್ಟೆ ಕೈಗೆ ಬರುವ ಮೊದಲೇ ವಿಚಾರಣೆ ಶುರುವಾಯಿತು.

"ಭೂಕಂಪದ ಖಾತೆ ಅಂದ್ರಲ್ಲ, ಆಗೂಕಿಂತ ಮುಂಚೇನ ಹೇಳ್ತೀರೇನು?"

"ಇಲ್ರಿ. ಹಿಂದ ಎಂದ ಆಗಿತ್ತು ಅಂತ ನೋಡ್ತೀವ್ರಿ."

"ಆಗಿ ಹೋದದ್ದು?"

"ಹೌದ್ರಿ."

"ನಮ್ಮ ಅಜ್ಜಾರ ಕಾಲದ್ದೇನು?"

"ಅದಕ್ಕಿಂತ ಹಿಂದಿಂದ್ರಿ. ಸಾವಿರಾರು ವರ್ಷದ್ದು."

"ಅದಕ್ಕ ಸರಕಾರ ಪಗಾರ ಕೊಡ್ತದ?"

"ಕೊಡ್ತದ್ರಿ."

ಅವರು ಯೋಚನೆಗೆ ಬಿದ್ದರು. ಅಷ್ಟರಲ್ಲಿ ಒಳಬಾಗಿಲಲ್ಲಿ ಸೆರಗು ಮುಂದೆಳೆದುಕೊಂಡು ನಿಂತಿದ್ದ ಅತ್ತೆಯಾಗುವವರು ಮಗಳಿಗೆ ಹೇಳಿದರು, "ಇನ್ನಷ್ಟು ಸುಸಲಾ ಹಾಕ್ಲೇನು, ಅವರಿಗೆ ಕೇಳು." ನಾನು ಕೈಯಳತೆಯಲ್ಲೇ ಕೂತಿದ್ದೆ. ಆದರೆ ಆ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವ ಪದ್ಧತಿಯಿಲ್ಲ, ನಡುವೆ ಒಬ್ಬರು ಬೇಕು. ಹುಡುಗಿ ನನ್ನ ಕಡೆ ತಿರುಗಿ, "ಇನ್ನಷ್ಟು ಹಾಕ್ಲೇನಂತ," ಎಂದಳು. "ಸಾಕು," ಅಂದೆ. ಅವಳು ತಾಯಿಯ ಕಡೆ ತಿರುಗಿ, "ಸಾಕಂತ," ಎಂದಳು. ಅವಳ ತುಟಿಯ ಅಂಚಿನಲ್ಲಿ ನಗು ಇತ್ತು. ಆ ದಿನದಿಂದ ಅವಳು ಬದುಕಿರುವವರೆಗೂ ಅತ್ತೆಯ ಮಾತೆಲ್ಲ ನನಗೆ ಅವಳ ಬಾಯಿಂದಲೇ ಬಂತು.

ಮಾವ ಕೊನೆಗೆ ತಲೆಯೆತ್ತಿ ನೆಂಟರಿಗೆ ತೀರ್ಪು ಕೊಟ್ಟರು, "ಮುಂದ ಆಗೋದು ಹೇಳೋ ನೌಕರ್ಯಾಗಿದ್ರ ಒಮ್ಮಿ ತಪ್ಪಿದ್ರ ಮನಿಗೆ ಕಳಸ್ತಾರ. ಆಗಿ ಹೋದದ್ದು ಎಲ್ಲಿ ಓಡಿ ಹೋಗ್ತದ? ಖಾಯಂ ಅದ. ಹುಡುಗಿ ಕೊಡೂಣು."

ಆ ಕಡೆಯ ಗೋಡೆ, ಈ ಕಡೆಯ ಗೋಡೆ

ಶಹಾಪುರದ ಹತ್ತಿರ ಒಂದು ಬೇಸಿಗೆ ತೆಗ್ಗು ತೋಡಿದ್ದೆವು. ಒಂದು ಗೋಡೆಗೆ ಅಚ್ಚುಕಟ್ಟಾಗಿ ಮೊಳೆ ಹೊಡೆದು, ಸುತಳಿ ಕಟ್ಟಿ, ಚೌಕಗಳನ್ನು ಮಾಡಿಕೊಂಡು ಕೆರೆಯುತ್ತಿದ್ದೆ. ಮೇಲೆ ನಿಂತರೆ ಚಪ್ಪಲಿ ಕರಗುವ ಬಿಸಿಲು. ಕೆಳಗೆ ಮಣ್ಣಿನ ತಂಪು. ಈ ಸಂಗತಿ ಮೊದಲು ತಿಳಿದದ್ದು ಹತ್ತಿರದ ಬೇವಿನ ಮರದ ಕೆಳಗೆ ಕ್ಷೌರ ಮಾಡುತ್ತಿದ್ದವನಿಗೆ. ಒಂದು ದಿನ ಬಂದು ನೋಡಿದ. ಮರುದಿನ ಬೆಳಿಗ್ಗೆ ನಾನು ಇಳಿಯುವಷ್ಟರಲ್ಲಿ ನನ್ನ ಮೊಳೆಯೊಂದಕ್ಕೆ ಅವನ ಕನ್ನಡಿ ತೂಗುತ್ತಿತ್ತು. ಇನ್ನೊಂದಕ್ಕೆ ಗಿರಾಕಿಯ ಅಂಗಿ. ಗಿರಾಕಿ ನನ್ನ ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂತಿದ್ದ.

"ಇದು ಸರಕಾರಿ ಕೆಲಸದ ಜಾಗಾ," ಎಂದು ಗದರಿದೆ. ಸಿಟ್ಟು ನನಗೆ ಬೇಗ ಬರುತ್ತದೆ, ಹೋಗುವುದಕ್ಕೆ ಸ್ವಲ್ಪ ಹೊತ್ತು ಬೇಕು.

ಅವನು ಕನ್ನಡಿ ತೆಗೆದು ಎದುರು ಗೋಡೆಗೆ ಹಚ್ಚಿದ. "ನಿಮ್ಮ ಗ್ವಾಡಿ ಮುಟ್ಟಂಗಿಲ್ರಿ ಸಾಹೇಬ್ರ. ಆ ಕಡಿ ನೀವು ಕೆರೀರಿ, ಈ ಕಡಿ ನಾ ಕೆರೀತೀನಿ."

ಆ ವಾರವೆಲ್ಲ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೆರೆದೆವು. ಅವನ ಗಿರಾಕಿಗಳು ನನ್ನ ಕೆಲಸ ನೋಡಿ, "ಇವರ ಕೈ ಸಾವಕಾಶ ಅದ," ಎಂದು ಮಾತಾಡಿಕೊಳ್ಳುತ್ತಿದ್ದರು. ಕೊನೆಯ ದಿನ ನಾನೂ ಬುಟ್ಟಿಯ ಮೇಲೆ ಕೂತೆ.

ಸಂಜೆ ಫೋನು ಬಂತು. "ಮುರದದ್ದು ಸಿಕ್ತೇನ್ರಿ?"

"ಇಲ್ಲ. ಆದ್ರ ದಾಡಿ ಆತು."

"ಅಂತೂ ನಿಮ್ಮ ತೆಗ್ಗಿನಾಗ ಒಂದು ಕೆಲಸ ಪೂರಾ ಆತು ನೋಡ್ರಿ," ಎಂದಳು.

ಅಜ್ಜಿಯ ಹಿಮ್ಮಡಿ

ಅಬ್ಬೆತುಮಕೂರಿನ ಆಚೆ, ಭೀಮಾ ದಂಡೆಯ ಒಂದು ಊರು. ಹೊಲದುದ್ದಕ್ಕೂ ಗೆರೆ ಎಳೆದಂತೆ ಬಿಟ್ಟಿದ್ದ ಬಿರುಕನ್ನು ಕಂಡು ಮುರಿದದ್ದು ಸಿಕ್ಕೇಬಿಟ್ಟಿತು ಅಂದುಕೊಂಡೆ. ಮೊಣಕಾಲೂರಿ ಅಳತೆಪಟ್ಟಿ ಒಳಗೆ ಇಳಿಸುತ್ತಿದ್ದಾಗ ಹೊಲದ ಯಜಮಾನ ಬಂದ. ಹಿಂದೆ ಅವನ ಹೆಂಡತಿ.

"ಏನ್ ಬೀಳಿಸ್ಕೊಂಡೀರಿ ಸಾಹೇಬ್ರ?"

"ಏನೂ ಬೀಳಿಸ್ಕೊಂಡಿಲ್ಲ. ಈ ಬಿರುಕು ಎಂದ ಬಿಟ್ಟದ?"

"ಹೋಳಿ ಹುಣ್ಣಿವಿ ಆದಮ್ಯಾಲ."

"ಹೋದ ವರ್ಷ ಇತ್ತೇನು?"

"ಹೋದ ವರ್ಷದ್ದು ಆ ಬದುವಿನ ಕಡಿ ಇತ್ತು. ಎರಿ ಹೊಲ ಅದರಿ ಇದು. ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿ ಬಂದ್ರ ಮುಚ್ತದ."

"ಇವರ ಬಾಯಿ ಮಳಿ ಬಂದ್ರೂ ಮುಚ್ಚಂಗಿಲ್ಲ," ಎಂದಳು ಹಿಂದಿನಿಂದ ಹೆಂಡತಿ.

ಎರೆಮಣ್ಣು ನಮ್ಮ ಕಸುಬಿನವರನ್ನು ಆಡಿಸುವ ಮಣ್ಣು. ಮುರಿಯದೆಯೂ ಮುರಿದಂತೆ ಕಾಣುತ್ತದೆ. ನಾನು ಅಳತೆಪಟ್ಟಿ ಸುತ್ತಿಕೊಂಡೆ. ಆದರೆ ಸಾಹೇಬರಿಗೆ ಬಿರುಕು ಬೇಕಂತೆ ಎಂಬ ಸುದ್ದಿ ಅಷ್ಟರಲ್ಲಿ ಊರು ಸೇರಿತ್ತು. ಬಾವಿಯ ಕಟ್ಟೆ ತೋರಿಸಿದರು, ಶಾಲೆಯ ಗೋಡೆ ತೋರಿಸಿದರು, ಬೀಸುವ ಕಲ್ಲು ಹೊತ್ತು ತಂದರು. ಹೋಟೆಲಿನವನು ಸೀಳಿದ ಗ್ಲಾಸಿನಲ್ಲೇ ಚಹಾ ಕೊಟ್ಟ, ನೋಡಿಕೊಳ್ಳಲಿ ಎಂದು. ಎಲ್ಲರೂ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಕುರ್ಚಿಯ ಅಂಚಿಗೆ ಕಾಲಿಟ್ಟು ಹಿಮ್ಮಡಿ ತಿರುಗಿಸಿದಳು. "ಇದನ್ನೂ ಬರಕೊ ಯಪ್ಪಾ. ಇದು ಯಾವ ಭೂಕಂಪದ್ದು ಹೇಳು."

ಇದನ್ನು ಕೇಳಿ ನನ್ನವಳು ಫೋನಿನಲ್ಲಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಮುಂದಿನ ಸಲ ಹೊರಟಾಗ ನನ್ನ ಚೀಲದಲ್ಲಿ ಅಜ್ಜಿಗಾಗಿ ಒಂದು ಮುಲಾಮಿನ ಡಬ್ಬಿ ಇತ್ತು. ಹೆಂಡತಿ ಕಳಿಸಿದ್ದು ಎಂದು ಕೊಟ್ಟೆ, ಅಜ್ಜಿ ಹಚ್ಚಿಕೊಂಡಳು. ಮತ್ತೆ ಹೋದಾಗ ಕಾಲು ತೋರಿಸಿ, "ಕೂಡಾಕತ್ತಾವ ನೋಡು. ನೀ ಬಿರುಕು ಹುಡುಕ್ತಿ, ಆಕಿ ಮುಚ್ತಾಳ. ಆಕೀನ ಶಾಣ್ಯಾಕಿ. ಒಮ್ಮಿ ಕರಕೊಂಡ್ ಬಾ," ಎಂದಳು.

ಆಗಲಿ ಎಂದಿದ್ದೆ. ಇವತ್ತು ನಾಳೆ ಎನ್ನುವುದರಲ್ಲಿ ನನ್ನವಳು ಹೋಗಿಯೇಬಿಟ್ಟಳು. ಮೊನ್ನೆ ಆ ಊರಿನ ಮೇಲೆ ಹಾಯುವಾಗ ಅಜ್ಜಿ ಜೀಪನ್ನು ಗುರುತಿಸಿ ನಿಲ್ಲಿಸಿದಳು. "ಎಲ್ಲಿ ಆಕಿ?" ನಾನು ಹೇಳಿದೆ. ಅಜ್ಜಿ ಜೀಪಿನ ಬಾಗಿಲು ಹಿಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಕಾಲು ಹೊರಳಿಸಿ, "ಅದಕ್ಕ ನೋಡು, ಮತ್ತ ಬಿರದಾವ," ಎಂದಳು.

ಅಡುಗೆಮನೆಯ ಟಿಕಳಿ

ಯಾದಗಿರಿಯಲ್ಲಿ ನಮ್ಮ ಮನೆ ರೈಲ್ವೆ ಸ್ಟೇಷನ್ನಿನ ಹತ್ತಿರ. ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆಯ ತಾಟುಗಳು ಗಡಗಡ ಎನ್ನುತ್ತವೆ. ಅದಕ್ಕೋ ಏನೋ, ಒಲೆಯ ಮೇಲಿನ ಗೋಡೆ ಬಿರಿಯಿತು. "ಊರಾಗಿನ ನಡುಕ ಎಲ್ಲಾ ಹುಡುಕ್ತೀರಿ, ನಿಮ್ಮ ಮನಿ ನಡಗಾಕತ್ತದ, ಗೌಂಡಿನ ಕರಸ್ರಿ," ಎಂದು ಹೆಂಡತಿ ಹೇಳಿದಳು. ನಾನು ಗೌಂಡಿಯನ್ನು ಕರೆಯುವ ಬದಲು ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಮೊದಲು ತಿಳಿಯಬೇಕು ಎಂದೆ. ಅದಕ್ಕೊಂದು ಉಪಾಯವಿದೆ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ತುಂಡು ಅಂಟಿಸುವುದು. ಗೋಡೆ ಸರಿದರೆ ಗಾಜು ಒಡೆಯುತ್ತದೆ.

"ಒಲಿ ಮ್ಯಾಲ ಗಾಜು? ಪಲ್ಯಾದಾಗ ಬಿದ್ರ?" ಎಂದಳು. ಆಮೇಲೆ ತನ್ನ ಹಣೆಯ ಮೇಲಿನ ಟಿಕಳಿಯನ್ನೇ ತೆಗೆದು, ಬಿರುಕಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು. "ಇದು ಹರದ್ರ ಗೋಡಿ ಸರದದ. ಇಲ್ಲಂದ್ರ ಇಲ್ಲ. ನಿಮ್ಮ ಸೈನ್ಸ್ ಆತಿಲ್ಲೋ?"

ಟಿಕಳಿ ಇನ್ನೂ ಅಲ್ಲೇ ಇದೆ. ಕುಂಕುಮದ ಬಣ್ಣ ಸ್ವಲ್ಪ ಮಾಸಿದೆ, ಒಗ್ಗರಣೆಯ ಜಿಡ್ಡು ಹಿಡಿದಿದೆ. ಹರಿದಿಲ್ಲ. ಬೆಳಿಗ್ಗೆ ಚಹಾ ಕಾಸುವಾಗ ಒಮ್ಮೆ ಅದನ್ನು ನೋಡುತ್ತೇನೆ. ಅವಳ ಹಣೆಯನ್ನು ನೋಡಿದಂತೆಯೇ ಆಗುತ್ತದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೋದ ದಸರೆಗೆ ಬಣ್ಣ ಬಳಿಯುವವನನ್ನು ಕರೆಸಿದೆ. ಅಡುಗೆಮನೆಗೆ ಬಂದು ಆ ಜಾಗದಲ್ಲಿ ಉಜ್ಜಲು ಕೈಯೆತ್ತಿದ. ನಾನು ಅವನ ಮುಂಗೈ ಹಿಡಿದುಕೊಂಡೆ.

ಅವನು ಟಿಕಳಿಯನ್ನು ನೋಡಿದ. ನನ್ನನ್ನು ನೋಡಿದ. ದನಿ ತಗ್ಗಿಸಿ, "ದೇವ್ರೇನ್ರಿ?" ಎಂದು ಕೇಳಿದ.

"ಹೂಂ."

ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಸುತ್ತಲೂ ಬಳಿದ.

ಅಳಿಯಂದಿರ ಗೋಡೆ

ಈ ವರ್ಷ ನನ್ನ ನಿವೃತ್ತಿ. ಕೊನೆಯ ತೆಗ್ಗು ಎಲ್ಲಿ ಬಂತೆಂದರೆ ಸುರಪುರದ ಕಡೆ, ರಂಗಂಪೇಟೆಯ ಹೊರಗೆ, ಅತ್ತೆಯ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದ ಹೊಲದಲ್ಲಿ. ಮಳೆ ಬೀಳುವುದರೊಳಗೆ ಮುಚ್ಚಿಕೊಡಬೇಕು, ತೊಗರಿ ಬಿತ್ತಬೇಕು ಎಂಬ ಕರಾರಿನ ಮೇಲೆ ಹೊಲದವರು ಒಪ್ಪಿದ್ದರು. ಇಲ್ಲಿಯೂ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಟ್ಟ ಮಾತು ಹಾಗೇ ಉಳಿಯುತ್ತಿತ್ತು.

ಮಾವ ಎಂದೋ ಹೋಗಿದ್ದರು. ಅತ್ತೆ ದಿನಾ ಮಧ್ಯಾಹ್ನ ನನಗೆ ಊಟ ಹಾಕುತ್ತಿದ್ದರು. ತೊಂದರೆ ಏನೆಂದರೆ, ನಮ್ಮ ನಡುವೆ ಮಾತು ದಾಟಿಸುವವಳು ಈಗ ಇಲ್ಲ. ಅತ್ತೆ ನೀರಿನ ತಂಬಿಗೆಯನ್ನು ನಡುವೆ ಇಟ್ಟು ಅದಕ್ಕೆ ಹೇಳುತ್ತಿದ್ದರು, "ಇನ್ನೊಂದು ರೊಟ್ಟಿ ಹಾಕ್ಲೇನಂತ ಕೇಳ್ಬೇಕು." ನಾನೂ ತಂಬಿಗೆಗೇ ಹೇಳುತ್ತಿದ್ದೆ, "ಸಾಕಂತ ಹೇಳ್ಬೇಕು." ರೊಟ್ಟಿ, ಪಲ್ಯ, ಮಜ್ಜಿಗೆಯ ಮಟ್ಟಿಗೆ ತಂಬಿಗೆ ಸಾಕಾಗುತ್ತಿತ್ತು. ಅವಳ ಮಾತನ್ನು ತಂಬಿಗೆಯ ಮುಂದೆ ಇಬ್ಬರೂ ಆಡಲಿಲ್ಲ. ಅತ್ತೆ ಮಗಳ ಹೆಸರು ಎತ್ತಿದ್ದನ್ನು ಈ ಎರಡು ವರ್ಷದಲ್ಲಿ ನಾನು ಕೇಳಿಲ್ಲ.

ಒಂದು ದಿನ ಗೋಡೆ ಕೆರೆಯುತ್ತಿದ್ದಾಗ ಬಿಳಿ ಹರಳಿನ ಪದರೊಂದು ಕಂಡಿತು. ನೆಟ್ಟಗೆ ಹೊರಟಿದ್ದು ನಡುವೆ ಥಟ್ಟನೆ ನಿಂತಿತು. ಆಚೆ ಹುಡುಕಿದರೆ ಒಂದು ಗೇಣು ಕೆಳಗೆ ಮತ್ತೆ ಶುರುವಾಗಿತ್ತು. ಅದರ ಮೇಲಿನ ಕೆಂಪು ಮಣ್ಣು ಮಾತ್ರ ಏನೂ ಆಗಿಲ್ಲವೆಂಬಂತೆ ಇಡಿಯಾಗಿ ಹಾಸಿಕೊಂಡಿತ್ತು. ಇದು ಎರೆಮಣ್ಣಿನ ಆಟ ಅಲ್ಲ. ಕರಣೆ ಕೆಳಗಿಟ್ಟು ತೆಗ್ಗಿನಲ್ಲೇ ಕೂತುಬಿಟ್ಟೆ. ಕೈ ಜೇಬಿಗೆ ಹೋಯಿತು, ಖಾಲಿ ಬಂತು.

ಇಂಥದ್ದನ್ನು ಕಂಡವನೊಬ್ಬನೇ ಹೌದು ಎಂದರೆ ನಡೆಯುವುದಿಲ್ಲ, ಇನ್ನೊಬ್ಬ ತಿಳಿದವರು ಕಣ್ಣಾರೆ ನೋಡಬೇಕು. ಹಳೆಯ ಮೈಸೂರಿನ ಕಡೆಯ ಹಿರಿಯ ವಿಜ್ಞಾನಿಯೊಬ್ಬರು ಬರಲು ಒಪ್ಪಿದರು. ಗೋಡೆಯನ್ನು ಕನ್ನಡಿಯಂತೆ ಕೆರೆದು, ಮೊಳೆ ಹೊಡೆದು, ಸುತಳಿ ಕಟ್ಟಿ, ಮುರಿದ ಜಾಗಕ್ಕೆಲ್ಲ ಬಣ್ಣದ ಚೀಟಿ ಚುಚ್ಚಿದೆ. ಊಟಕ್ಕೆ ಕೂತಾಗ ಸಂತೋಷ ತಡೆಯಲಾರದೆ ತಂಬಿಗೆಗೆ ಹೇಳಿದೆ, "ನಾಳಿ ದೊಡ್ಡವರು ಬರ್ತಾರಂತ ಹೇಳ್ಬೇಕು. ನಮ್ಮ ಗ್ವಾಡಿ ನೋಡಾಕ."

ಅತ್ತೆ ತಂಬಿಗೆಯನ್ನೇ ನೋಡುತ್ತ ಯೋಚನೆ ಮಾಡಿದರು. ನಾನು ಅದನ್ನು ಗಮನಿಸಬೇಕಿತ್ತು.

ಮರುದಿನ ಯಾದಗಿರಿ ಸ್ಟೇಷನ್ನಿನಿಂದ ಹಿರಿಯರನ್ನು ಕರೆದುಕೊಂಡು ಬಂದೆ. ದೂರದಿಂದಲೇ ತೆಗ್ಗಿನ ಬಾಯಿಗೆ ಮಾವಿನ ತೋರಣ ಕಂಡಿತು. ಇಳಿದು ನೋಡಿದರೆ ಎರಡೂ ಗೋಡೆಗಳನ್ನು ಕೆಂಪು ಮಣ್ಣು ಸಗಣಿ ಕಲಸಿ ಚೆನ್ನಾಗಿ ಮೆತ್ತಿ ಸಾರಿಸಿದ್ದರು. ಬುಡಕ್ಕೆ ಸುಣ್ಣದ ಗೆರೆ. ನೆಲದ ಮೇಲೆ ರಂಗೋಲಿ. ನನ್ನ ಮೊಳೆಗಳೆಲ್ಲ ಒಂದು ತಾಟಿನಲ್ಲಿದ್ದವು, ಸುತಳಿ ಉಂಡೆಯಾಗಿತ್ತು, ಬಣ್ಣದ ಚೀಟಿಗಳನ್ನು ಕಿತ್ತು ಆ ತಂಬಿಗೆಯಲ್ಲಿ ಹೂವಿನ ಹಾಗೆ ಸಿಕ್ಕಿಸಿಟ್ಟಿದ್ದರು. ಓಣಿಯ ಹೆಂಗಸರೆಲ್ಲ ಮೇಲೆ ಸಾಲಾಗಿ ನಿಂತಿದ್ದರು. ನಡುವೆ ಅತ್ತೆ, ಮೊಣಕೈವರೆಗೆ ಕೆಸರು.

"ಇದು ಯಾವ ಪದರು?" ಎಂದು ಹಿರಿಯರು ಕೇಳಿದರು.

ನಾನು ಮುಖ ಸಣ್ಣದು ಮಾಡಿಕೊಂಡು ಸಾರಿಸಿದ ಗೋಡೆಯನ್ನು ಮುಟ್ಟಿ ನೋಡಿದೆ. ಅತ್ತೆ ಪಕ್ಕದ ಹೆಂಗಸಿಗೆ ಹೇಳಿದರು, "ಹೇಳವ್ವ ಅವರಿಗೆ. ದೊಡ್ಡವರು ಗ್ವಾಡಿ ನೋಡಾಕ ಬರ್ತಾರಂದ್ರ, ನಮ್ಮ ಅಳಿಯಂದ್ರ ಗ್ವಾಡಿ ಹಂಗ ಕೆರದು ಬಿಟ್ಟಿದ್ದು ತೋರಸಾಕ ಬರ್ತದೇನು?"

ನಾನೂ ಆ ಹೆಂಗಸನ್ನೇ ಕೇಳಿದೆ, "ಬಲಕ್ಕ ಒಂದು ಬಿಳಿ ಹರಳಿನ ಪಟ್ಟಿ ಇತ್ತಲ್ಲ, ಕೇಳ್ರಿ."

"ಇತ್ತು. ಅದಾ ಮುರದಿತ್ತು," ಎಂದರು ಅತ್ತೆ. "ಈ ಕಡಿದು ಒಂದು ಗೇಣು ಕೆಳಗ ಇಳದಿತ್ತು. ಮಾನ ಹೋಗೂದು ಅಲ್ಲೇ ಇತ್ತು. ಅಲ್ಲಿ ಎರಡು ಸಲ ಮೆತ್ತೀನಿ, ಯಾರಿಗೂ ತಿಳಿಯಂಗಿಲ್ಲಂತ ಹೇಳು."

ಹಿರಿಯರಿಗೆ ನಮ್ಮ ಮಾತು ಅರ್ಧ ತಿಳಿಯಿತು, ಉಳಿದರ್ಧ ನಾನು ಹೇಳಿದೆ. ಅವರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಇನ್ನೊಬ್ಬರು ನೋಡಿ ಹೌದು ಅನ್ನಬೇಕು ಅಂತ ನನ್ನನ್ನು ಕರೆಸಿದಿರಿ. ಅವರು ಆಗಲೇ ನೋಡಿ ರಿಪೇರಿಯನ್ನೂ ಮಾಡಿಬಿಟ್ಟಿದ್ದಾರಲ್ಲ."

ಎಲ್ಲರೂ ಸೇರಿ ಮತ್ತೆ ಕೆರೆದೆವು. ಹೆಂಗಸರಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಳಿ ಪದರು ಮತ್ತೆ ಹೊರಬಿತ್ತು. ಹಿರಿಯರು ಅದರ ಮೇಲೆ ಬೆರಳಾಡಿಸಿದರು, ಮೇಲಿನ ಕೆಂಪು ಪದರನ್ನು ಬಹಳ ಹೊತ್ತು ನೋಡಿದರು. "ಹೌದು. ಮುರಿದಿದೆ," ಎಂದರು. ಅಷ್ಟೇ.

ಚಿತ್ರ ಬರೆದು, ಫೋಟೋ ತೆಗೆದು, ಪರೀಕ್ಷೆಗೆ ಮಣ್ಣು ಕಟ್ಟಿಕೊಂಡು ಮುಗಿದ ಮೇಲೆ ಮುಚ್ಚುವ ದಿನ ಬಂತು. ಮುಚ್ಚುವ ಮೊದಲು ನಾನೊಬ್ಬನೇ ಇಳಿದೆ. ಮನೆಯಿಂದ ಅವಳ ಟಿಕಳಿಯ ಹಾಳೆ ತಂದಿದ್ದೆ. ಒಂದನ್ನು ತೆಗೆದು ಮುರಿದ ಜಾಗದ ಮೇಲೆ ಅಡ್ಡಲಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ತಲೆಯೆತ್ತಿದರೆ ಅತ್ತೆ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಯಾರ ಟಿಕಳಿ ಎಂದು ಅವರಿಗೆ ಹೇಳಬೇಕಿರಲಿಲ್ಲ.

ನಾನು ಮೇಲೆ ಬಂದೆ. ಟ್ರ್ಯಾಕ್ಟರ್ ಮಣ್ಣು ತಳ್ಳಲು ಶುರುಮಾಡಿತು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟ್ರ್ಯಾಕ್ಟರಿನವನನ್ನು ನಿಲ್ಲಿಸಿ, "ಅವರಿಗೆ ಒಂದು ಮಾತು ಕೇಳಪಾ," ಎಂದರು. "ಕಡೀಕ ಮಣ್ಣು ಹಾಕಿ ಮುಚ್ಚೂದಾ ಇತ್ತಂದ್ರ, ನಾ ಮೆತ್ತಿದಾಗ ಯಾಕ ಹಂಗ ಮಾರಿ ಸಣ್ಣದು ಮಾಡಿದ್ರಂತ?"

ನನಗೆ ನಗು ಒತ್ತರಿಸಿ ಬಂತು. ಇಷ್ಟು ದಿನ ಬರದೇ ಇದ್ದ ನಗು. ನಗುತ್ತಲೇ ಜೇಬಿನಿಂದ ಫೋನು ತೆಗೆದೆ, ಈ ಮಾತನ್ನು ಅವಳಿಗೆ ಹೇಳಬೇಕು ಎಂದು. ತೆಗೆದ ಮೇಲೆ ನೆನಪಾಯಿತು. ಫೋನು ಕೈಯಲ್ಲೇ ಉಳಿಯಿತು.

ಅತ್ತೆ ನನ್ನ ಕೈ ನೋಡಿದರು. ಸೆರಗು ಹಿಂದಕ್ಕೆ ಸರಿಸಿದರು. ಟ್ರ್ಯಾಕ್ಟರಿನವನ ಕಡೆ ನೋಡಲಿಲ್ಲ, ನಡುವೆ ತಂಬಿಗೆಯೂ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಮುರದದ್ದು ಸಿಕ್ತೇನ್ರಿ?"

"ಸಿಕ್ತ್ರಿ ಅತ್ತಿ."

"ಹಂಗಾರ ಲಗೂ ಮುಚ್ಚಿ ಬರ್ರಿ," ಎಂದರು. "ರೊಟ್ಟಿ ಆರಾಕತ್ತಾವ."